'ರಿ' ತಪ್ಪಿದರೆ ಸ್ಪ್ಯಾನಿಷ್ ಬಿಡಿಸಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರುವುದು ರಾಜರಾಜೇಶ್ವರಿ ನಗರದಲ್ಲಿ. ಮಗಳಿಗೆ ಏಳೂವರೆ ವರ್ಷ, ಎರಡನೇ ಕ್ಲಾಸು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟಕ್ಕೆ ಹೋದರೆ ಹಿಂದಿ. ಈ ವರ್ಷ ಶಾಲೆಯಲ್ಲಿ ಸ್ಪ್ಯಾನಿಷ್ ಶುರುವಾಗಿದೆ, ವಾರಕ್ಕೆ ಎರಡು ಪೀರಿಯಡ್. ಮ್ಯೂಸಿಕ್ ಪೀರಿಯಡ್ಡಿನಲ್ಲಿ ಕೀಬೋರ್ಡ್ ಇಟ್ಟುಕೊಂಡು ಪಾಶ್ಚಾತ್ಯ ಸ್ವರಗಳಾದ ಡೊ ರೆ ಮಿ ಹೇಳಿಕೊಡುತ್ತಾರೆ, ಸ್ಪ್ಯಾನಿಷ್ ಹಾಡುಗಳನ್ನೂ ಅಲ್ಲೇ ಹಾಡಿಸುತ್ತಾರೆ. ಇದರ ಜೊತೆಗೆ ಒಂದು ವರ್ಷದಿಂದ ಪಕ್ಕದ ರಸ್ತೆಯ ಟೀಚರ್ ಹತ್ರ ಕರ್ನಾಟಕ ಸಂಗೀತ. ಶುರುವಿನ ಸ್ವರಪಾಠಗಳಲ್ಲಿ ಸರಳೆ ವರಸೆ ಮುಗಿದು ಜಂಟಿ ವರಸೆ ನಡೆಯುತ್ತಿದೆ. ಎರಡು ತಿಂಗಳಿಂದ ರಿ ತಪ್ಪುತ್ತಿದೆ, ಮೇಲೆ ಹೋಗುತ್ತಿದೆ ಅಂತ ಟೀಚರ್ ದೂರು. 'ಆ ಡೊ ರೆ ಮಿ ಬಿಡಿಸಿ, ಇಲ್ಲಾಂದ್ರೆ ಇಲ್ಲಿಗೆ ಕಳಿಸಬೇಡಿ' ಅಂದರು. ಕನ್ನಡ ಬರೆಯುವಾಗ ಒತ್ತಕ್ಷರ ಬಿಟ್ಟುಬಿಡುತ್ತಾಳೆ. ಕುಂದಾಪುರದಿಂದ ಬಂದಿರುವ ನಮ್ಮ ಅತ್ತೆ, ಏನು ಕೇಳಿದರೂ ಮೊಮ್ಮಗಳು ಹೌದು ಅನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ 'ಸಿ, ಸಿ' ಅಂತಾಳೆ, ಮಗುವಿನ ಮಾತೇ ಕೆಡುತ್ತಿದೆ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಇನ್ನೊಂದು ಕಡೆ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸ್ಪ್ಯಾನಿಷ್ ಕ್ಲಾಸ್ ನಡೆಸುವವರೊಬ್ಬರು 'ಎಂಟು ವರ್ಷದೊಳಗೆ ಕಲಿಯದಿದ್ದರೆ ಆಮೇಲೆ ಬರಲ್ಲ' ಅಂತ ಮೂರು ತಿಂಗಳಿಗೆ 15,000 ರೂಪಾಯಿ ಕೇಳುತ್ತಿದ್ದಾರೆ. ನಾನು ಏನನ್ನು ಬಿಡಿಸಲಿ, ಏನನ್ನು ಉಳಿಸಲಿ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳಿವೆ. ರಿ ತಪ್ಪುತ್ತಿದೆ, ಮಾತು ಬೆರೆಯುತ್ತಿದೆ, ಒತ್ತಕ್ಷರ ಬಿಟ್ಟುಹೋಗುತ್ತಿದೆ. ಮೂರೂ ಒಂದೇ ಸಮಯಕ್ಕೆ ಕಾಣಿಸಿಕೊಂಡಿರುವುದರಿಂದ ಹೊಸದಾಗಿ ಬಂದ ಸ್ಪ್ಯಾನಿಷ್ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ನಾನು 16 ವರ್ಷದಿಂದ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಸಂಗೀತ, ಸ್ಪ್ಯಾನಿಷ್ ಎರಡನ್ನೂ ಹೇಳಿಕೊಡುತ್ತಿದ್ದೇನೆ. ಇದೇ ಮೂರು ದೂರು ಹೊತ್ತು ಬರುವ ಅಪ್ಪ ಅಮ್ಮ ಪ್ರತಿ ವರ್ಷ ಸಿಗುತ್ತಾರೆ. ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ.

ರಿ ಇಂದ ಶುರು ಮಾಡೋಣ, ಯಾಕೆಂದರೆ ಅದು ಬೇಗ ಸರಿಹೋಗುವಂಥದ್ದು. ಸರಳೆ, ಜಂಟಿ ಎಲ್ಲ ನಾವು ಹೇಳಿಕೊಡುವುದು ಮಾಯಾಮಾಳವಗೌಳದಲ್ಲಿ, ಪುರಂದರದಾಸರು ಹಾಕಿಕೊಟ್ಟ ದಾರಿ ಅಂತಲೇ ಹೇಳಿಕೊಂಡು ಬಂದಿದ್ದೇವೆ. ಆ ರಾಗದ ರಿ ಶುದ್ಧ ರಿಷಭ. ಸ ಪಕ್ಕಕ್ಕೇ ಅಂಟಿಕೊಂಡು ಕೂತಿರುತ್ತೆ. ಶಾಲೆಯಲ್ಲಿ ಕಲಿಸುವ ಡೊ ರೆ ಮಿ ಅಂದರೆ ನಮ್ಮ ಲೆಕ್ಕದಲ್ಲಿ ಶಂಕರಾಭರಣ. ಅಲ್ಲಿಯ ರೆ ಚತುಶ್ರುತಿ ರಿಷಭ, ಅರ್ಧ ಮೆಟ್ಟಿಲು ಮೇಲೆ. ಈಗ ಎರಡು ರಾಗವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ, ಗ, ಮ, ಪ, ನಿ ಎಲ್ಲ ಒಂದೇ. ಬೇರೆಯಾಗುವುದು ರಿ ಮತ್ತು ದ ಮಾತ್ರ. ಐದು ಸ್ವರ ಅದೇ, ಎರಡು ಮಾತ್ರ ಬೇರೆ, ಜೊತೆಗೆ ರೆ, ರಿ ಅಂತ ಹೆಸರೂ ಹತ್ತಿರ. ಏಳು ವರ್ಷದ ಮಗು ಜಾರುವುದು ಸಹಜ ಅಲ್ವಾ?

ಅಂದರೆ ನಿಮ್ಮ ಮಗಳಿಗೆ ಕಿವಿ ಸರಿಯಿಲ್ಲ ಅಂತಲ್ಲ. ಶಾಲೆಯಲ್ಲಿ ಕೇಳಿದ ಸ್ವರವನ್ನು ಅವಳ ಕಿವಿ ಗಟ್ಟಿಯಾಗಿ ಹಿಡಿದುಕೊಂಡಿದೆ. ನಿಜವಾಗಿ ಕಾರಣ ಇದೇನಾ ಅಂತ ನೀವೇ ಪರೀಕ್ಷೆ ಮಾಡಬಹುದು. ಅವಳು ಹಾಡುವಾಗ ದ ಕೂಡ ಮೇಲೆ ಹೋಗುತ್ತಿದೆಯಾ ಗಮನಿಸಿ. ರಿ, ದ ಎರಡೂ ಮೇಲೆ ಹೋಗಿ ಮಿಕ್ಕವು ನೆಟ್ಟಗಿದ್ದರೆ ಅವಳು ಶಂಕರಾಭರಣಕ್ಕೆ ಜಾರುತ್ತಿದ್ದಾಳೆ, ಅಷ್ಟೇ. ಪ, ಮೇಲಿನ ಸ ಕೂಡ ಅಲುಗಾಡುತ್ತಿದ್ದರೆ ವಿಷಯ ಬೇರೆ. ಆಗ ಡೊ ರೆ ಮಿ ಬಿಡಿಸಿದರೂ ಪ್ರಯೋಜನ ಇಲ್ಲ, ಶ್ರುತಿ ಜೊತೆ ಸ ಪ ಸ ಹಾಡಿಸುತ್ತಾ ಕೂರಬೇಕು.

ಮನೆಯಲ್ಲಿ ಚಿಕ್ಕ ಕೀಬೋರ್ಡ್ ಇದ್ದರೆ ಅಥವಾ ಫೋನಿನಲ್ಲೇ ಒಂದು ಪಿಯಾನೋ ಆ್ಯಪ್ ಇದ್ದರೆ ಹೀಗೆ ಮಾಡಿ. ಇಂಗ್ಲಿಷಿನಲ್ಲಿ 'ಸಿ' (C) ಅನ್ನುವ ಬಿಳಿಮನೆಯನ್ನು ಸ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಬಿಳಿಮನೆಗಳನ್ನೇ ಸಾಲಾಗಿ ಒತ್ತಿಕೊಂಡು ಹೋದರೆ ಡೊ ರೆ ಮಿ ಫಾ ಸೋಲ್ ಲಾ ಸಿ. ಮತ್ತೆ ಮೊದಲಿಂದ ಬನ್ನಿ, ಈ ಸಲ ರಿ ಮತ್ತು ದ ಬಂದಾಗ ಮಾತ್ರ ಬಿಳಿಮನೆ ಬಿಟ್ಟು ಅದರ ಎಡಗಡೆಯ ಕರಿಮನೆ ಒತ್ತಿ. ಮಾಯಾಮಾಳವಗೌಳ ಬಂತು. ನೀವು ಒತ್ತಬೇಡಿ, ಅವಳ ಬೆರಳೇ ಒತ್ತಲಿ. ಬೆರಳು ಕರಿಮನೆಗೆ ಹಿಂದೆ ಸರಿಯುವ ಆ ಒಂದು ಚಲನೆ ಇದೆಯಲ್ಲ, ಅದು ಗಂಟಲಿಗೂ ದಾರಿ ತೋರಿಸುತ್ತೆ. ಎಷ್ಟೋ ಮಕ್ಕಳು ಹಾಡುವಾಗ ರಿ ಬಂದ ತಕ್ಷಣ ಗಾಳಿಯಲ್ಲಿ ಬೆರಳು ಹಿಂದಕ್ಕೆ ಎಳೆದುಕೊಳ್ಳುವುದನ್ನು ನಾನು ನೋಡಿದ್ದೇನೆ.

ಇನ್ನೊಂದು ಗೊಂದಲ ಇದೆ, ಇದನ್ನು ದೊಡ್ಡವರೂ ಗಮನಿಸಿರುವುದಿಲ್ಲ. ಸ್ಪೇನ್, ಮೆಕ್ಸಿಕೋ, ಅರ್ಜೆಂಟೀನಾ ಕಡೆಯೆಲ್ಲ ಡೊ ಅಂದರೆ ಯಾವಾಗಲೂ ಕೀಬೋರ್ಡಿನ ಅದೇ 'ಸಿ'. ಅದು ಜಾಗ ಬಿಟ್ಟು ಕದಲಲ್ಲ. ನಮ್ಮ ಸ ಹಾಗಲ್ಲ, ಹಾಡುವವರ ಕಂಠ ನೋಡಿಕೊಂಡು ಜಾಗ ಬದಲಾಯಿಸುತ್ತೆ. ನಿಮ್ಮ ಟೀಚರ್ ಶ್ರುತಿ ಪೆಟ್ಟಿಗೆಯನ್ನು ಐದಕ್ಕೆ ಇಟ್ಟಿದ್ದರೆ ಅವರ ಸ, ಶಾಲೆಯ ಸೋಲ್ ಆಗಿರುತ್ತೆ. ಮಗುವಿಗೆ ನಾನು ಹೇಳುವುದು ಇಷ್ಟು: ಡೊ ಸ್ವಂತ ಮನೆಯಲ್ಲಿ ಇರುತ್ತೆ, ಸ ಬಾಡಿಗೆ ಮನೆಯಲ್ಲಿ ಇರುತ್ತೆ. ಬೆಂಗಳೂರಿನ ಮಕ್ಕಳಿಗೆ ಇದು ಕೂಡಲೇ ಅರ್ಥವಾಗುತ್ತೆ.

ಟೀಚರ್ ಜೊತೆ ಜಗಳ ಬೇಡ. ಅವರ ಮಾತಿನಲ್ಲೂ ಸತ್ಯ ಇದೆ. ಶಾಲೆಯಲ್ಲಿ ಕೀಬೋರ್ಡ್ ಇದ್ದ ದಿನವೇ ಸಂಜೆ ಅವರ ಪಾಠವೂ ಇದ್ದರೆ, ಸಾಧ್ಯವಾದರೆ ದಿನ ಬದಲಾಯಿಸಿ ಕೊಡಲು ಕೇಳಿ. ಹಾಡುವ ಮುಂಚೆ ಎರಡು ನಿಮಿಷ ಸುಮ್ನೆ ತಂಬೂರಿ ಕೇಳಿಸಿ, ಬಾಯಿ ತೆರೆಯುವುದೇ ಬೇಡ. ಹೊರಗಿನ ಸ್ವರ ಬಂದರೆ ನಮ್ಮದು ಕೆಡುತ್ತೆ ಅನ್ನುವ ಭಯ ಅವರಿಗಿದ್ದರೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ನೆನಪಿಸಿ. ಪಾಶ್ಚಾತ್ಯ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂರಿಸಿದರು, ಶಂಕರಾಭರಣದಲ್ಲೇ. ಇವತ್ತಿಗೂ ಮಕ್ಕಳಿಗೆ ಅದನ್ನು ಹೇಳಿಕೊಡುತ್ತಾರೆ. ಇನ್ನೂ ಒಂದು ವಿಷಯ, ಇದನ್ನು ಮೊದಲ ಸಲ ಗುರುತಿಸಿದಾಗ ನನಗೆ ರೋಮಾಂಚನ ಆಗಿತ್ತು. ಸ್ಪೇನಿನ ಫ್ಲಮೆಂಕೋ ಸಂಗೀತದಲ್ಲಿ ಮತ್ತೆ ಮತ್ತೆ ಬರುವ ಒಂದು ಸ್ವರದ ಸಾಲು ನಮ್ಮ ವಕುಳಾಭರಣ ರಾಗಕ್ಕೆ ಹೊಂದುತ್ತೆ. ನಮ್ಮ ಮೂಲ ರಾಗಗಳ ಪಟ್ಟಿಯಾದ ಮೇಳಕರ್ತದಲ್ಲಿ ವಕುಳಾಭರಣ 14, ಮಾಯಾಮಾಳವಗೌಳ 15, ವ್ಯತ್ಯಾಸ ನಿ ಒಂದೇ. ನಿಮ್ಮ ಮಗಳು ಕಷ್ಟಪಟ್ಟು ಕಲಿಯುತ್ತಿರುವ ಆ ಶುದ್ಧ ರಿಷಭ ಸ್ಪೇನಿನ ಹಾಡುಗಾರರ ಗಂಟಲಲ್ಲೂ ಇದೆ.

ಈಗ 'ಸಿ, ಸಿ'.

ಮಾತು ಬೆರೆಸುವುದು ಗೊಂದಲದ ಗುರುತಲ್ಲ. ನಮ್ಮೂರಲ್ಲಿ ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾ ಬೆಳೆದ ಮಕ್ಕಳು ಲಕ್ಷಗಟ್ಟಲೆ ಇದ್ದಾರೆ. ಹೆಚ್ಚು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ, ತೊದಲೂ ಬರುವುದಿಲ್ಲ. ಅವಳು ಅಜ್ಜಿ ಹತ್ರ ಸಿ ಅನ್ನುತ್ತಿರುವುದು ಹೊಸ ಗೆಜ್ಜೆ ಹಾಕಿಕೊಂಡ ಮಗು ಮನೆಯೆಲ್ಲ ಕುಣಿದ ಹಾಗೆ. ಬೈದರೆ ಇನ್ನೂ ಜಾಸ್ತಿ ಮಾಡುತ್ತಾಳೆ. ಆದರೆ ಒಂದು ಎಚ್ಚರಿಕೆ. ಕನ್ನಡದಲ್ಲಿ ಹೇಳಿದ್ದೇ ಅವಳಿಗೆ ಅರ್ಥವಾಗದಿದ್ದರೆ, ಪದೇ ಪದೇ 'ಆಂ?' ಅಂತ ಕೇಳುತ್ತಿದ್ದರೆ, ಟಿವಿ ಸದ್ದು ಜೋರು ಮಾಡಿಕೊಳ್ಳುತ್ತಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ, ಮೈಸೂರಿನಲ್ಲಿ ಅದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪತ್ರ ನೋಡಿದರೆ ನಿಮ್ಮ ಮಗಳಿಗೆ ಅಂಥದ್ದೇನೂ ಇದ್ದ ಹಾಗಿಲ್ಲ. ಜಂಟಿ ವರಸೆವರೆಗೆ ಬಂದಿದ್ದಾಳೆ ಅಂದರೆ ಕೇಳಿಸಿಕೊಂಡೇ ಬಂದಿದ್ದಾಳೆ.

ಅಪಾರ್ಟ್‌ಮೆಂಟಿನವರು ಹೇಳಿದ ಎಂಟು ವರ್ಷದ ಗಡುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಮಾತಿಗೆ ಹೆದರಿ ದುಡ್ಡು ಕಟ್ಟುವವರು ಬಹಳ. ಚಿಕ್ಕ ವಯಸ್ಸಿನಲ್ಲಿ ಕೇಳಿದರೆ ಉಚ್ಚಾರಣೆ ಚೆನ್ನಾಗಿ ಬರುತ್ತೆ, ಇದು ನಿಜ. ಆದರೆ ಅದು ದಿನವಿಡೀ ಆ ಭಾಷೆಯ ನಡುವೆ ಬೆಳೆಯುವ ಮಗುವಿನ ಮಾತು. ವಾರಕ್ಕೆ ಎರಡು ಪೀರಿಯಡ್ಡಿನ ಕಲಿಕೆಗೆ ಲೆಕ್ಕ ಬೇರೆ. ಬಾರ್ಸಿಲೋನಾ ವಿಶ್ವವಿದ್ಯಾಲಯದ ಕಾರ್ಮೆನ್ ಮುಞೊಸ್ ಮತ್ತು ಅವರ ತಂಡ, ಸ್ಪ್ಯಾನಿಷ್, ಕತಲಾನ್ ಎರಡೂ ಬಲ್ಲ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿಯುವುದನ್ನು ವರ್ಷಗಟ್ಟಲೆ ಗಮನಿಸಿದರು. 8ನೇ ವಯಸ್ಸಿಗೆ ಶುರು ಮಾಡಿದವರಿಗಿಂತ 11ಕ್ಕೆ ಶುರು ಮಾಡಿದವರು ಅಷ್ಟೇ ಗಂಟೆಗಳ ಪಾಠದಲ್ಲಿ ಮುಂದಿದ್ದರು. ದೊಡ್ಡ ಮಕ್ಕಳಿಗೆ ವ್ಯಾಕರಣ ಹೇಳಿದರೆ ಹಿಡಿಯುವ ಶಕ್ತಿ ಇರುತ್ತೆ, ಅದಕ್ಕೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸ್ಪ್ಯಾನಿಷ್‌ನಂಥ ವಿದೇಶಿ ಭಾಷೆಗಳ ಮಾತು ಎತ್ತುವುದು ಪ್ರೌಢಶಾಲೆಯ ಹಂತಕ್ಕೆ. ಸ್ಪ್ಯಾನಿಷ್ ಎಷ್ಟು ಬರುತ್ತೆ ಅಂತ ಸರ್ಟಿಫಿಕೇಟ್ ಕೊಡುವ ಡೆಲೆ ಪರೀಕ್ಷೆಯಲ್ಲಿ ಶಾಲಾ ಮಕ್ಕಳಿಗೆಂದು ಇರುವ ಮೊದಲ ಹಂತ 11ರಿಂದ 17 ವರ್ಷದವರಿಗೆ. ಹಾಗಾಗಿ ಏಳು ವರ್ಷದ ಮಗುವಿಗೆ ಸರ್ಟಿಫಿಕೇಟ್ ಆಸೆ ತೋರಿಸಿ ದುಡ್ಡು ಕೇಳಿದರೆ ಕೊಡಬೇಡಿ. ಆ 15,000 ನಿಮ್ಮ ಹತ್ರವೇ ಇರಲಿ.

ಹಾಗಾದರೆ ಈಗ ಕಲಿಯುವುದು ವ್ಯರ್ಥವಾ? ಖಂಡಿತ ಅಲ್ಲ. ಈ ವಯಸ್ಸಿನಲ್ಲಿ ಸಿಗುವುದು ಶಬ್ದಗಳ ರುಚಿ, ನಾಲಿಗೆಯ ಹದ, ಕಿವಿಯ ಸೂಕ್ಷ್ಮ. ಇದನ್ನು ಹಾಡು ಚೆನ್ನಾಗಿ ಕೊಡುತ್ತೆ. ಹಾಡು ಕೊಡದೇ ಇರುವುದೂ ಒಂದಿದೆ, ಮಾತು. ನಾವೆಲ್ಲ ತ್ಯಾಗರಾಜರ ತೆಲುಗು ಕೀರ್ತನೆಗಳನ್ನು ವರ್ಷಗಟ್ಟಲೆ ಹಾಡಿದ್ದೇವೆ. ಹಾಗಂತ ತಿರುಪತಿಗೆ ಹೋಗಿ ತೆಲುಗಿನಲ್ಲಿ ಕಾಫಿ ಕೇಳಲು ಎಷ್ಟು ಜನಕ್ಕೆ ಬಂತು? ಸ್ಪ್ಯಾನಿಷ್ ಹಾಡುಗಳೂ ಹಾಗೆಯೇ. ಶಾಲೆಯ ದಿನಾಚರಣೆಯಲ್ಲಿ ಮಕ್ಕಳು ಚೆಂದವಾಗಿ ಹಾಡುತ್ತಾರೆ, ಅಪ್ಪ ಅಮ್ಮ ವಿಡಿಯೋ ಮಾಡಿಕೊಳ್ಳುತ್ತಾರೆ, ಒಂದು ಪದದ ಅರ್ಥ ಕೇಳಿದರೆ ಗೊತ್ತಿರಲ್ಲ. ಹಾಡಿನಿಂದ ಒಂದು ಸಾಲು ಕಿತ್ತು ತಂದು ಊಟದ ಹೊತ್ತಿಗೆ, ಸ್ನಾನದ ಹೊತ್ತಿಗೆ ಬಳಸಿದರೆ ಮಾತ್ರ ಅದು ಮಾತಾಗುತ್ತೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮೊದಲ ವರ್ಷ ನಾನು ಬೋರ್ಡ್ ಮೇಲೆ ಇಪ್ಪತ್ತು ಪದ ಬರೆದು ಕಾಪಿ ಮಾಡಿಸುತ್ತಿದ್ದೆ, ಶುಕ್ರವಾರ ಟೆಸ್ಟ್. ಮಕ್ಕಳು ಇಂಗ್ಲಿಷ್ ಅಕ್ಷರ ನೋಡಿ ಇಂಗ್ಲಿಷಿನಂತೆ ಓದಿದರು. 'ಒಲಾ' ಅನ್ನಬೇಕಾದದ್ದು 'ಹೋಲಾ' ಆಯಿತು, ಹಣ್ಣಿನ ರಸಕ್ಕೆ 'ಹುಗೊ' ಅನ್ನಬೇಕಾದದ್ದು 'ಜುಗೊ' ಆಯಿತು, ತ ಇದ್ದ ಕಡೆಯೆಲ್ಲ ಟ ಬಂತು. ಟೆಸ್ಟಿನಲ್ಲಿ ಹತ್ತಕ್ಕೆ ಹತ್ತು, ಬಾಯಿ ತೆರೆದರೆ ಏನೂ ಸರಿಯಿಲ್ಲ. ಆ ಒಂದು ವರ್ಷದ ಮಕ್ಕಳಿಗೆ ನಾನು ಅನ್ಯಾಯ ಮಾಡಿದೆ ಅಂತ ಈಗಲೂ ಅನ್ನಿಸುತ್ತೆ. ಸಂಗೀತದಲ್ಲಿ ಯಾರಾದರೂ ಮೊದಲು ಬರೆಸಿ ಆಮೇಲೆ ಹಾಡಿಸುತ್ತಾರಾ? ಕಿವಿ ಮೊದಲು, ನಾಲಿಗೆ ಆಮೇಲೆ, ಪೆನ್ಸಿಲ್ ಕೊನೆಗೆ. ಸಂಗೀತದ ಪಾಠದಲ್ಲಿ ಗೊತ್ತಿದ್ದ ವಿಷಯವನ್ನು ಪಕ್ಕದ ಪೀರಿಯಡ್ಡಿನಲ್ಲಿ ಮರೆತಿದ್ದೆ.

ಕನ್ನಡದ ಮಗುವಿಗೆ ಸ್ಪ್ಯಾನಿಷ್ ಬಾಗಿಲು ಇಂಗ್ಲಿಷ್ ಕಡೆಯಿಂದ ತೆರೆಯುವುದಕ್ಕಿಂತ ಕನ್ನಡದ ಕಡೆಯಿಂದ ಸುಲಭವಾಗಿ ತೆರೆಯುತ್ತೆ. ತ, ದ ನಮ್ಮ ಹಾಗೇ ಹಲ್ಲಿಗೆ ತಾಗಿ ಬರುತ್ತವೆ. ಟೊಮೇಟೊ ಅಲ್ಲ, ತೊಮಾತೆ. ಅ ಎ ಇ ಒ ಉ, ಐದೇ ಸ್ವರ, ಬರೆದ ಹಾಗೇ ಓದುವುದು. ನಮ್ಮ ವರ್ಣಮಾಲೆಯಲ್ಲಿ ಕೆಲಸವೇ ಇಲ್ಲದೆ ಕೂತ ಹಾಗಿರುವ ಞ ಇದೆಯಲ್ಲ, ಸ್ಪ್ಯಾನಿಷ್‌ನಲ್ಲಿ ಅದಕ್ಕೆ ದಿನವೂ ಕೆಲಸ. ಹುಡುಗ ನೀಞೊ, ಹುಡುಗಿ ನೀಞಾ. ವಾಕ್ಯದಲ್ಲೂ ಹತ್ತಿರ. 'ನನಗೆ ಸಂಗೀತ ಇಷ್ಟ' ಅನ್ನುವುದಕ್ಕೆ 'ಮೆ ಗುಸ್ತಾ ಲಾ ಮೂಸಿಕಾ', ಅಲ್ಲೂ 'ನನಗೆ' ಅಂತಲೇ ಶುರು. ಕಾಂತೊ ಅಂದರೆ ಹಾಡುತ್ತೇನೆ, ಕಾಂತಾಸ್ ಅಂದರೆ ಹಾಡುತ್ತೀಯ, ಕಾಂತಾಮೊಸ್ ಅಂದರೆ ಹಾಡುತ್ತೇವೆ. ನಾನು, ನೀನು ಅಂತ ಬೇರೆ ಹೇಳಬೇಕಾಗಿಲ್ಲ, ಬಾಲದಲ್ಲೇ ಗೊತ್ತಾಗುತ್ತೆ. ನೀನು, ನೀವು ಭೇದವೂ ಇದೆ, ತು ಮತ್ತು ಉಸ್ತೆದ್. ಕಷ್ಟ ಆಗುವುದು ಎಲ್ಲಿ ಅಂದರೆ ವಸ್ತುಗಳ ಲಿಂಗದಲ್ಲಿ. ಮೇಜು ಹೆಣ್ಣು, ಪುಸ್ತಕ ಗಂಡು. ಕನ್ನಡದಲ್ಲಿ ಅದಿಲ್ಲ. ಏಳು ವರ್ಷಕ್ಕೆ ನಿಯಮ ಹೇಳಬೇಡಿ, ಲಾ ಮೆಸಾ, ಎಲ್ ಲಿಬ್ರೊ ಅಂತ ಜೋಡಿಯಾಗಿಯೇ ಕೇಳಿಸಿಕೊಳ್ಳಲಿ.

ಒತ್ತಕ್ಷರದ ವಿಷಯಕ್ಕೆ ಇಲ್ಲಿಂದಲೇ ದಾರಿ ಸಿಗುತ್ತೆ. ಎರಡನೇ ಕ್ಲಾಸಿನಲ್ಲಿ ಒತ್ತು ಬಿಡುವುದು ಸಾಮಾನ್ಯ, ಅದಕ್ಕೆ ಕಾರಣ ಸ್ಪ್ಯಾನಿಷ್ ಅಲ್ಲ, ಕನ್ನಡ ಬರೆಯುವ ಅಭ್ಯಾಸ ಕಮ್ಮಿ ಇರುವುದು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳು ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಲೇಬೇಕು, ಹಾಗಾಗಿ ಸ್ಪ್ಯಾನಿಷ್ ಬಂದು ಕನ್ನಡದ ಪೀರಿಯಡ್ ತಿನ್ನುವ ಹಾಗಿಲ್ಲ. ನಿಮ್ಮ ಶಾಲೆಯಲ್ಲಿ ತಿಂದಿದೆಯಾ ಅಂತ ಟೈಂಟೇಬಲ್ ತೆಗೆದು ನೋಡಿ, ತಿಂದಿದ್ದರೆ ಗಟ್ಟಿಯಾಗಿ ಕೇಳಿ. ಮನೆಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಕೊಡಿಸಿ ಅವಳು ಶಾಲೆಯಲ್ಲಿ ಕೇಳಿದ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯಲಿ. ಗ್ರಾಸಿಯಾಸ್, ತ್ರೆಸ್, ಕ್ವಾತ್ರೊ, ಎಸ್ಕ್ವೆಲಾ. ಎಷ್ಟು ಒತ್ತು ಬಂತು ನೋಡಿ! 'ಪೆರೊ' ಅಂದರೆ ಆದರೆ, 'ಪೆರ್ರೊ' ಅಂದರೆ ನಾಯಿ. ಒಂದು ಒತ್ತು ಬಿಟ್ಟರೆ ನಾಯಿಯೇ ಓಡಿಹೋಗುತ್ತೆ ಅಂತ ಹೇಳಿದರೆ ಮಕ್ಕಳು ಆ ಒತ್ತು ಮತ್ತೆ ಬಿಡುವುದಿಲ್ಲ. ಇದರಲ್ಲೂ ಅಪಾಯ ಇಲ್ಲದಿಲ್ಲ. ಜಾಸ್ತಿ ದಿನ ಹೀಗೇ ಬರೆದರೆ ಆ ಭಾಷೆಯ ಸ್ವಂತ ಅಕ್ಷರ ಜೋಡಣೆ ಬರುವುದು ತಡವಾಗುತ್ತೆ. ನಾಲ್ಕೈದು ತಿಂಗಳು ಸಾಕು, ಆಮೇಲೆ ಶಾಲೆಯ ಪುಸ್ತಕದ ಬರವಣಿಗೆಗೆ ಬರಲಿ.

ಏನನ್ನು ಬಿಡಿಸಲಿ ಅಂತ ನೇರವಾಗಿ ಕೇಳಿದ್ದೀರಿ. ಎಲ್ಲವನ್ನೂ ಈಗಿನ ಹಾಗೇ ಬಿಟ್ಟರೆ ರಿ ತಪ್ಪುತ್ತಲೇ ಹೋಗಿ ಅಭ್ಯಾಸವಾಗಿಬಿಡಬಹುದು, ತಪ್ಪು ಗಂಟಲಿಗೆ ಕೂತರೆ ಬಿಡಿಸುವುದು ಕಷ್ಟ. ಕರ್ನಾಟಕ ಸಂಗೀತ ಬಿಡಿಸಿದರೆ ಒಂದು ವರ್ಷದ ಶ್ರಮ, ಅದಕ್ಕಿಂತ ಹೆಚ್ಚಾಗಿ ವಾರಕ್ಕೊಮ್ಮೆ ಒಬ್ಬ ಗುರು ಎದುರು ಕೂತು ಕೇಳಿಸಿಕೊಳ್ಳುವ ಆ ಕ್ರಮವೇ ಹೋಗುತ್ತೆ. ಶಾಲೆಯ ಸ್ಪ್ಯಾನಿಷ್ ಬಿಡಿಸಲು ಆಗುವುದಿಲ್ಲ, ಬಿಡಿಸಿ ಲೈಬ್ರರಿಯಲ್ಲಿ ಒಂಟಿಯಾಗಿ ಕೂರಿಸಿದರೆ ಮಗುವಿಗೆ ಶಿಕ್ಷೆಯಂತೆ ಕಾಣುತ್ತೆ. ನನ್ನ ಮಟ್ಟಿಗೆ ಬೇಡದ್ದು ಒಂದೇ, ಅಪಾರ್ಟ್‌ಮೆಂಟಿನ ಆ ಕೋರ್ಸು. ಏಳು ವರ್ಷದ ಮಗುವಿಗೆ ಸಂಜೆ ಖಾಲಿ ಇರಬೇಕು. ಆಟಕ್ಕೆ ಹೋಗಿ ಹಿಂದಿಯಲ್ಲಿ ಜಗಳ ಆಡಲಿ. ಟೀಚರ್ ಇನ್ನೂ ಒಪ್ಪದಿದ್ದರೆ ಮನೆಯಲ್ಲಿ ಕೀಬೋರ್ಡ್ ಅಭ್ಯಾಸ ಮಾತ್ರ ಎರಡು ತಿಂಗಳು ನಿಲ್ಲಿಸಿ, ಶಾಲೆಯಲ್ಲಿ ನಡೆಯುವುದು ನಡೆಯಲಿ. ರಜೆಯಲ್ಲಿ ಒಂದು ದಿನ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಅಲ್ಲಿಯ ಸೌಂಡ್ ಗಾರ್ಡನ್‌ನಲ್ಲಿ ಮಕ್ಕಳು ತಾವೇ ಬಡಿದು, ಮುಟ್ಟಿ ನಾದ ಕೇಳಬಹುದು.

ದಿನಕ್ಕೆ ಹತ್ತು ನಿಮಿಷದ ಒಂದು ಆಟ ಹೇಳುತ್ತೇನೆ, ಇದಕ್ಕೆ ನಿಮ್ಮ ಅತ್ತೆಯವರೇ ಬೇಕು. ಅವರು ಆದಿತಾಳ ಹಾಕಲಿ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು ಹುಸಿ (ಕೈ ಮಗುಚುವುದು), ಪೆಟ್ಟು ಹುಸಿ, ಒಟ್ಟು ಎಂಟು. ಮೊಮ್ಮಗಳು ಅದರ ಮೇಲೆ ಎಣಿಸಲಿ: ಉನೊ, ದೋಸ್, ತ್ರೆಸ್, ಕ್ವಾತ್ರೊ, ಸಿಂಕೊ, ಸೇಯ್ಸ್, ಸಿಯೆತೆ, ಒಚೊ. ಒಚೊ ಕೊನೆಯ ಹುಸಿಗೆ ಬಂದು ಬೀಳಬೇಕು. ದೋಸ್‌ಗೂ ಸಿಯೆತೆಗೂ ಕಾಲ ಒಂದೇ, ಅಕ್ಷರ ಮಾತ್ರ ಹೆಚ್ಚು ಕಮ್ಮಿ, ಅದನ್ನು ಕೂರಿಸುವಾಗ ಲಯವೂ ಬರುತ್ತೆ, ನಾಲಿಗೆಯೂ ತಿರುಗುತ್ತೆ. ಎರಡನೇ ಕಾಲ, ಅಂದರೆ ದುಪ್ಪಟ್ಟು ವೇಗದಲ್ಲಿ ಮಾಡಿದರೆ ಇನ್ನೂ ಚೆಂದ. ನಿಮ್ಮ ಅತ್ತೆಯವರಿಗೆ ಇನ್ನೊಂದು ಮಾತು ಹೇಳಿ. ಕರಾವಳಿಯಲ್ಲಿ ಬಕೆಟ್ಟಿಗೆ ಬಾಲ್ದಿ ಅಂತಾರಲ್ಲ, ಆಲೂಗಡ್ಡೆಗೆ ಬಟಾಟೆ ಅಂತಾರಲ್ಲ, ಅವು ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದ ಮಾತುಗಳು. ಸ್ಪ್ಯಾನಿಷ್ ಅದರ ಒಡಹುಟ್ಟು, ಅಲ್ಲೂ ಬಕೆಟ್ಟಿಗೆ ಬಾಲ್ದೆ, ಆಲೂಗಡ್ಡೆಗೆ ಪತಾತಾ. ಮೊಮ್ಮಗಳು ಕಲಿಯುತ್ತಿರುವ ಭಾಷೆಯ ನೆಂಟರು ಅಜ್ಜಿಯ ಬಚ್ಚಲುಮನೆಯಲ್ಲಿ ಮೊದಲಿಂದಲೂ ಇದ್ದಾರೆ.

ಇವತ್ತೇ ಅವಳ ಜಂಟಿ ವರಸೆ ಒಂದು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ತಿಂಗಳು ಬಿಟ್ಟು ಅದೇ ವರಸೆ, ಅದೇ ಶ್ರುತಿಯಲ್ಲಿ ಮತ್ತೊಮ್ಮೆ ಮಾಡಿ ಎರಡನ್ನೂ ಕಳಿಸಿ. ದ ಹೇಗಿದೆ ಅಂತ ನಾನು ಮೊದಲು ಕೇಳುತ್ತೇನೆ, ರಿ ಆಮೇಲೆ.